ಎ.ಸಿ. ಎಳೆಯುವ ಜನರೇಟರ್ ಯಾವುದು? ಕೊಳ್ಳುವ ಮುನ್ನ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಪಾಠ

ಬೇಸಿಗೆ ಬಂತೆಂದರೆ ಸದಸ್ಯರು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಹೊಸದೊಂದು ಸೇರಿದೆ. ಪಂಪಿಗೆ ಯಾವ ಎಂಜಿನ್, ಪಲ್ಪರಿಗೆ ಎಷ್ಟು ಅಶ್ವಶಕ್ತಿಯ ಮೋಟಾರು ಎಂದು ವಿಚಾರಿಸುತ್ತಿದ್ದವರೇ ಈಗ "ಇಬ್ಬರು ಹಿಡಿದೆತ್ತುವಂಥ ಸಣ್ಣ ಜನರೇಟರ್ ಒಂದು ಎ.ಸಿ.ಯನ್ನು ಎಳೆದೀತೇ?" ಎಂದು ಕೇಳುತ್ತಿದ್ದಾರೆ. ಇದಕ್ಕೆ ಕಾರಣಗಳಿಲ್ಲದೆ ಇಲ್ಲ. ಕೆಲವರ ಮನೆಯಲ್ಲಿ ಸೆಕೆ ತಡೆಯದ ಹಿರಿಯರಿದ್ದಾರೆ. ಕೆಲವರು ತೋಟದ ಮನೆಯ ಒಂದೆರಡು ಕೋಣೆಗಳನ್ನು ಹೋಂಸ್ಟೇಗೆ ಬಿಟ್ಟಿದ್ದಾರೆ. ಹಾಸಿಗೆ, ಅಡುಗೆ ಕಟ್ಟೆ, ಚಾವಣಿಯ ಮೇಲೊಂದು ಎ.ಸಿ. ಎಲ್ಲವೂ ಇರುವ ಕ್ಯಾರವಾನ್ ಬಂಡಿಗಳಲ್ಲಿ ಬರುವ ಪ್ರವಾಸಿಗರಿಗೆ ಕಣದ ಅಂಚಿನಲ್ಲಿ ಜಾಗ ಕೊಡುವ ಯೋಚನೆಯಲ್ಲಿ ಇನ್ನು ಕೆಲವರಿದ್ದಾರೆ. ಮಳೆಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಎಷ್ಟು ದಿನಕ್ಕೆ ಬರುತ್ತದೆಂದು ಹೇಳಲಾಗದ ನಮ್ಮ ಸೀಮೆಯಲ್ಲಿ ಜನರೇಟರಿನ ಯೋಚನೆ ಬರುವುದು ಸಹಜವೇ.

ಆದರೆ ಸಣ್ಣ ಹಿಡುವಳಿದಾರರಿಗೆ ಇದು ಸಣ್ಣ ಖರ್ಚಲ್ಲ. ಅಂಗಡಿಯಲ್ಲಿ ದೀಪ ಉರಿಸಿ, ಫ್ಯಾನು ತಿರುಗಿಸಿ ತೋರಿಸಿದ ಜನರೇಟರನ್ನು ಮನೆಗೆ ತಂದು ಎ.ಸಿ.ಗೆ ಜೋಡಿಸಿದರೆ ಒಮ್ಮೆ ಮುಕ್ಕರಿಸಿ ನಿಂತುಬಿಡುವುದುಂಟು. ಹಾಗಾಗಬಾರದೆಂದು ಅಂಜಿ ಬೇಕಾದದ್ದರ ಎರಡರಷ್ಟು ದೊಡ್ಡದನ್ನು ತಂದವರು ಪೆಟ್ರೋಲಿಗೆ ದಂಡ ತೆರುತ್ತಾರೆ. ಇವೆರಡಕ್ಕಿಂತ ದೊಡ್ಡ ನಷ್ಟವೆಂದರೆ ಪ್ರಾಣ ಹೋಗುವುದು. ಅದು ಹೇಗೆಂದು ಮುಂದೆ ಹೇಳಲಿದ್ದೇವೆ.

ಇದನ್ನೆಲ್ಲ ವಿವರಿಸಲು ನಾವು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹೆಸರು ಎತ್ತಿದರೆ ಕೆಲವರಿಗೆ ಆಶ್ಚರ್ಯವಾದೀತು. ಅದು ಕಾಫಿಯ ನಾಡಲ್ಲ. ಕಬ್ಬು, ಗೋವಿನಜೋಳಗಳ ಸೀಮೆ. ಆದರೆ ವಿದ್ಯುಚ್ಛಕ್ತಿಯ ವಿಷಯದಲ್ಲಿ ಕಲಿಯಬೇಕಾದ ಮೂರು ಮಾತುಗಳು ಆ ಮೂರು ತಾಲೂಕುಗಳಲ್ಲಿ ಒಂದರ ಪಕ್ಕ ಒಂದು ಸಿಗುತ್ತವೆ.

ಗೋಕಾಕದ ನೀರಿನ ಲೆಕ್ಕ

ಘಟಪ್ರಭಾ ನದಿ ಗೋಕಾಕದ ಬಳಿ ಕುದುರೆ ಲಾಳದ ಆಕಾರದ ಬಂಡೆಯ ಅಂಚಿನಿಂದ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ಈ ನೀರಿನ ಬಲವನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಅಲ್ಲಿಯ ಹತ್ತಿ ಗಿರಣಿಗೆ ಬಳಸಿಕೊಂಡರು. 1887ರಷ್ಟು ಹಿಂದೆಯೇ ಇಲ್ಲಿ ವಿದ್ಯುತ್ತು ತೆಗೆದರೆಂದು ಗೋಕಾಕದವರು ಹೆಮ್ಮೆಯಿಂದ ಹೇಳುತ್ತಾರೆ. ಕೋಲಾರದ ಚಿನ್ನದ ಗಣಿಗಳಿಗೆ ಶಿವನಸಮುದ್ರದ ವಿದ್ಯುತ್ತು ಹರಿದದ್ದು 1902ರಲ್ಲಿ ಎಂಬುದನ್ನು ನೆನೆದರೆ ಆ ಹೆಮ್ಮೆಯ ಕಾರಣ ತಿಳಿಯುತ್ತದೆ.

ಮಳೆಗಾಲದಲ್ಲಿ ಆ ಜಲಪಾತ ನೋಡಿದವರಿಗೂ ಏಪ್ರಿಲ್ ತಿಂಗಳಲ್ಲಿ ನೋಡಿದವರಿಗೂ ಒಂದು ಮಾತು ಚೆನ್ನಾಗಿ ಗೊತ್ತು. ಬಂಡೆಯ ಎತ್ತರ ವರ್ಷವಿಡೀ ಒಂದೇ. ಬದಲಾಗುವುದು ನೀರಿನ ಮೊತ್ತ. ಶಕ್ತಿ ಎಂಬುದು ಎತ್ತರ ಮತ್ತು ನೀರು ಎರಡರ ಗುಣಲಬ್ಧ. ವಿದ್ಯುತ್ತಿನಲ್ಲಿಯೂ ಹೀಗೆಯೇ. ವೋಲ್ಟು ಎಂದರೆ ಬಂಡೆಯ ಎತ್ತರ, ಆಂಪಿಯರ್ ಎಂದರೆ ಹರಿವ ನೀರು. ಮನೆಯ ಕರೆಂಟೂ 230 ವೋಲ್ಟು, ಸಣ್ಣ ಜನರೇಟರಿನ ಕರೆಂಟೂ 230 ವೋಲ್ಟು. ಎರಡರ ಎತ್ತರವೂ ಒಂದೇ. ಆದರೆ ಲೈನಿನ ಹಿಂದೆ ತುಂಬಿದ ನದಿಯಿದೆ, ಜನರೇಟರಿನ ಹಿಂದೆ ಇರುವುದು ಒಂದು ಕೊಡ ನೀರು.

ಅಂಕಿಯಲ್ಲೇ ನೋಡೋಣ. ಸೆಕೆಂಡಿಗೆ ಒಂದು ಲೀಟರ್ ನೀರು 52 ಮೀಟರ್ ಬಿದ್ದರೆ, ಏನೂ ಪೋಲಾಗದೆ ಸಿಗುವ ಶಕ್ತಿ ಸುಮಾರು 510 ವ್ಯಾಟ್. ಒಂದು ಟನ್ನಿನ ಸಾಧಾರಣ ಎ.ಸಿ. ಓಡುತ್ತಿರುವಾಗ ಬೇಡುವುದು ಸುಮಾರು 1,100 ವ್ಯಾಟ್. ಅಂದರೆ ಗೋಕಾಕದ ಜಲಪಾತದಿಂದ ಸೆಕೆಂಡಿಗೆ ಎರಡು ಲೀಟರಿಗಿಂತ ತುಸು ಹೆಚ್ಚು ನೀರನ್ನು ರಾತ್ರಿಯಿಡೀ ಬೀಳಿಸುತ್ತಿದ್ದರೆ ಒಂದು ಕೋಣೆ ತಣ್ಣಗಿರುತ್ತದೆ. ಇಷ್ಟೇ ಆಗಿದ್ದರೆ ಒಂದೂಕಾಲು ಕಿಲೋವ್ಯಾಟಿನ ಜನರೇಟರ್ ಸಾಕಿತ್ತು. ತೊಡಕಿರುವುದು ಎ.ಸಿ. ಓಡುವಾಗ ಅಲ್ಲ, ಹೊರಡುವಾಗ.

ಮೊದಲ ಕ್ಷಣದ ಹಸಿವು

ಎ.ಸಿ.ಯಲ್ಲಿ ಹೆಚ್ಚಿನ ಕರೆಂಟು ತಿನ್ನುವುದು ಕಂಪ್ರೆಸರ್. ಅದರೊಳಗಿನ ಮೋಟಾರು ನಿಂತ ಸ್ಥಿತಿಯಿಂದ ಎದ್ದು ಓಡುವ ಕ್ಷಣದಲ್ಲಿ, ಓಡುವಾಗ ತೆಗೆದುಕೊಳ್ಳುವುದಕ್ಕಿಂತ ನಾಲ್ಕರಿಂದ ಆರು ಪಟ್ಟು ಕರೆಂಟನ್ನು ಎಳೆಯುತ್ತದೆ. ಒಂದು ಟನ್ನಿನ ಹಳೆಯ ಮಾದರಿಯ ಎ.ಸಿ. ಓಡುವಾಗ 5 ಆಂಪಿಯರ್ ತೆಗೆದುಕೊಂಡರೆ ಹೊರಡುವಾಗ 20ರಿಂದ 25 ಆಂಪಿಯರ್ ಕೇಳುತ್ತದೆ. ಒಂದೂವರೆ ಟನ್ನಿನದಾದರೆ ಓಡುವಾಗ 7ರಿಂದ 8, ಹೊರಡುವಾಗ 35ರಿಂದ 40. ಇದೆಲ್ಲ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಮಾತು. ಆದರೆ ಆ ಕ್ಷಣದಲ್ಲಿ ಜನರೇಟರ್ ಕೊಡಲಾರದೆ ಹೋದರೆ ವೋಲ್ಟೇಜು ಕುಸಿಯುತ್ತದೆ. ವೋಲ್ಟೇಜು ಕುಸಿದರೆ ಕಂಪ್ರೆಸರ್ ತಿರುಗದೆ ಗುಂಯ್‌ಗುಟ್ಟುತ್ತ ನಿಲ್ಲುತ್ತದೆ. ತಿರುಗದೆ ನಿಂತ ಮೋಟಾರು ಬಿಸಿಯಾಗಿ ಕೊನೆಗೆ ಸುಡುತ್ತದೆ. ಜನರೇಟರ್ ಕೊಂಡ ತಪ್ಪಿಗೆ ಎ.ಸಿ.ಯನ್ನೂ ಕಳೆದುಕೊಳ್ಳಬೇಕಾದೀತು.

ಆದ್ದರಿಂದ ಜನರೇಟರ್ ಆರಿಸುವಾಗ "ಒಟ್ಟು ಎಷ್ಟು ವ್ಯಾಟ್?" ಎಂದು ಕೇಳಿದರೆ ಸಾಲದು. "ನನ್ನ ಮನೆಯ ಅತ್ಯಂತ ಮೊಂಡು ಮೋಟಾರು ಹೊರಡುವಾಗ ಎಷ್ಟು ಕೇಳುತ್ತದೆ?" ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಅದು ಇದು.

ಸ್ಥೂಲವಾದ ಒಂದು ಲೆಕ್ಕ ಹೀಗಿದೆ. ಹೊರಡುವಾಗಿನ ಆಂಪಿಯರನ್ನು 230ರಿಂದ ಗುಣಿಸಿ, 1,000ದಿಂದ ಭಾಗಿಸಿ. ಬಂದ ಅಂಕಿ ಹೊರಡುವ ಹೊತ್ತಿನ ಕೆ.ವಿ.ಎ. ಸಾಧಾರಣ ಜನರೇಟರ್ ಒಂದು ಕ್ಷಣದ ಮಟ್ಟಿಗೆ ತನ್ನ ಶಕ್ತಿಗಿಂತ ಹೆಚ್ಚು ಭಾರ ತಾಳಿಕೊಳ್ಳಬಲ್ಲುದಾದ್ದರಿಂದ, ಆ ಅಂಕಿಯ ಅರ್ಧಕ್ಕೆ ಕಡಿಮೆಯಿಲ್ಲದ ಜನರೇಟರನ್ನು ನೋಡಬೇಕು. 25 ಆಂಪಿಯರಿಗೆ ಇದು ಸುಮಾರು ಐದೂಮುಕ್ಕಾಲು ಕೆ.ವಿ.ಎ. ಆಗುತ್ತದೆ, ಅರ್ಧವೆಂದರೆ 3 ಕೆ.ವಿ.ಎ. ಒಂದೂವರೆ ಟನ್ನಿಗೆ 38 ಆಂಪಿಯರ್ ಎಂದು ಹಿಡಿದರೆ 4ರಿಂದ 5 ಕೆ.ವಿ.ಎ. ಬೇಕು. ಹೊರಡುವಾಗಿನ ಆಂಪಿಯರ್ ಎಷ್ಟೆಂಬುದು ಹೆಚ್ಚಾಗಿ ಕಂಪ್ರೆಸರಿನ ಮೇಲಿನ ಫಲಕದಲ್ಲಿ ಅಥವಾ ಕಂಪನಿಯ ಪುಸ್ತಕದಲ್ಲಿ ಇರುತ್ತದೆ. ಸಿಗದಿದ್ದರೆ ಓಡುವಾಗಿನ ಆಂಪಿಯರಿನ ಐದು ಪಟ್ಟು ಹಿಡಿಯಿರಿ. ಕ್ಯಾರವಾನಿನ ಚಾವಣಿ ಎ.ಸಿ.ಗಳು ಸಾಮಾನ್ಯವಾಗಿ ಒಂದು ಟನ್ನಿನ ಆಸುಪಾಸಿನವು. ಅವಕ್ಕೂ ಇದೇ ಲೆಕ್ಕ.

ಈ ತೊಡಕನ್ನು ಬಹುಮಟ್ಟಿಗೆ ಬಗೆಹರಿಸುವ ಎರಡು ದಾರಿಗಳು ಈಗ ಉಂಟು. ಒಂದು, ಇನ್ವರ್ಟರ್ ಮಾದರಿಯ ಎ.ಸಿ. ಅದರ ಕಂಪ್ರೆಸರ್ ಒಮ್ಮೆಲೇ ನೆಗೆಯದೆ ನಿಧಾನವಾಗಿ ವೇಗ ಏರಿಸಿಕೊಳ್ಳುತ್ತದೆ. ಒಂದು ಟನ್ನಿನದಕ್ಕೆ 2 ಕೆ.ವಿ.ಎ. ಜನರೇಟರ್ ಸಾಮಾನ್ಯವಾಗಿ ಸಾಕಾಗುತ್ತದೆ. ಎರಡನೆಯದು, ಹಳೆಯ ಎ.ಸಿ.ಗೆ ಜೋಡಿಸುವ ಸಾಫ್ಟ್ ಸ್ಟಾರ್ಟರ್ ಎಂಬ ಉಪಕರಣ. ಇದು ಹೊರಡುವಾಗಿನ ಎಳೆತವನ್ನು ಅರ್ಧಕ್ಕೂ ಕೆಳಗೆ ತರಬಲ್ಲುದು. ದೊಡ್ಡ ಜನರೇಟರಿಗೆ ಹಣ ಹಾಕುವ ಮೊದಲು ಈ ಎರಡರ ಬೆಲೆ ವಿಚಾರಿಸುವುದು ಜಾಣತನ.

ಮೂಡಲಗಿಯ ಪಂಪ್‌ಸೆಟ್ಟಿನ ಪಾಠ

ಗೋಕಾಕ ತಾಲೂಕಿನಿಂದ ಬೇರೆಯಾಗಿ ತಾನೇ ತಾಲೂಕಾದ ಮೂಡಲಗಿ ನೀರಾವರಿಯ ಸೀಮೆ. ಧೂಪದಾಳದಿಂದ ಹೊರಟ ಘಟಪ್ರಭಾ ಎಡದಂಡೆ ಕಾಲುವೆ, ಅದರ ಜೊತೆಗೆ ಬಾವಿ, ಕೊಳವೆಬಾವಿಗಳು ಈ ಭಾಗದ ಕಬ್ಬನ್ನು ಬೆಳೆಸಿವೆ. ಅಲ್ಲಿಯ ರೈತರಿಗೆ ಮೋಟಾರಿನ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಲೈನಿನ ಕೊನೆಯಲ್ಲಿರುವ ಪಂಪ್‌ಸೆಟ್ಟು ವೋಲ್ಟೇಜು ಸಾಲದೆ ಗುಂಯ್‌ಗುಟ್ಟುವುದು, ಸ್ಟಾರ್ಟರ್ ಮತ್ತೆ ಮತ್ತೆ ಕೆಳಗೆ ಬೀಳುವುದು, ಹಟ ಹಿಡಿದು ಒತ್ತಿದರೆ ಕಾಯಿಲು ಸುಟ್ಟು ರಿವೈಂಡಿಂಗ್ ಅಂಗಡಿಗೆ ಹೊರಬೇಕಾಗುವುದು — ಕೊಳವೆಬಾವಿಯಿರುವ ಯಾವ ಊರಿನಲ್ಲೂ ಕಂಡ ಸಂಗತಿಗಳು. ಎ.ಸಿ.ಯ ಕಂಪ್ರೆಸರಿಗೂ ಬಾವಿಯ ಪಂಪಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ.

ಲೈನಿನ ಕೊನೆಯ ರೈತ ಪಡುವ ಪಾಡನ್ನು ನಾವು ಜನರೇಟರಿನ ಜೊತೆ ನಾವೇ ತಂದುಕೊಳ್ಳುತ್ತೇವೆ. ಅದು ತೆಳು ವೈರಿನ ಮೂಲಕ. ಶಬ್ದ, ಹೊಗೆ ದೂರವಿರಲಿ ಎಂದು ಜನರೇಟರನ್ನು 30 ಮೀಟರ್ ಆಚೆ ಇಡುತ್ತೇವೆ. ಇದು ಸರಿಯೇ. ಆದರೆ ಮನೆಯಲ್ಲಿದ್ದ ದೀಪದ ವೈರನ್ನೇ ಎಳೆದು ಜೋಡಿಸುತ್ತೇವೆ. ಒಂದು ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 25 ಆಂಪಿಯರ್ ಹರಿದರೆ ಹೋಗಿಬರುವ 60 ಮೀಟರಿನಲ್ಲಿ ಸುಮಾರು 28ರಿಂದ 30 ವೋಲ್ಟು ದಾರಿಯಲ್ಲೇ ಸೋರಿಹೋಗುತ್ತದೆ. ಮೊದಲೇ ಏದುಸಿರು ಬಿಡುತ್ತಿರುವ ಜನರೇಟರಿಗೆ ಇದೂ ಸೇರಿದರೆ ಕಂಪ್ರೆಸರ್ ಏಳುವುದಿಲ್ಲ. ಎರಡೂವರೆ ಚದರ ಮಿಲಿಮೀಟರಿನ ವೈರಿನಲ್ಲಿ ಇದೇ ಸೋರಿಕೆ 12 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. 4 ಚದರ ಮಿಲಿಮೀಟರಿನದಾದರೆ ಇನ್ನೂ ಒಳಿತು. ಜನರೇಟರ್ ಸರಿಯಿಲ್ಲವೆಂದು ದೂರುವ ಮೊದಲು ವೈರನ್ನು ನೋಡಬೇಕು. ಸುರುಳಿ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ ಹಾಸಬೇಕು. ಸುತ್ತಿದಂತೆಯೇ ಬಿಟ್ಟರೆ ಬಿಸಿಯಾಗಿ ಹೊದಿಕೆ ಕರಗೀತು.

ಇನ್ನೊಂದು ಮಾತು. ಗೋಕಾಕ, ಮೂಡಲಗಿಗಳ ಬಯಲಿನ ಬೇಸಿಗೆ ನಮ್ಮ ಘಟ್ಟದಂಥದಲ್ಲ. ಹೊರಗಿನ ಶಾಖ ಏರಿದಷ್ಟೂ ಎ.ಸಿ. ಎಳೆಯುವ ಕರೆಂಟು ಹೆಚ್ಚುತ್ತದೆ, ಎಂಜಿನಿನ ಶಕ್ತಿ ತಗ್ಗುತ್ತದೆ. ಎರಡೂ ಒಂದೇ ಹೊತ್ತಿನಲ್ಲಿ ಆಗುತ್ತವೆ. ಆದ್ದರಿಂದ ಜನರೇಟರ್ ಪರೀಕ್ಷಿಸುವುದಿದ್ದರೆ ಬೆಳಗಿನ ತಂಪಿನಲ್ಲಿ ಅಲ್ಲ, ಮಧ್ಯಾಹ್ನ ಎರಡರ ಬಿಸಿಲಿನಲ್ಲಿ ಪರೀಕ್ಷಿಸತಕ್ಕದ್ದು.

ಘಟ್ಟದ ಮೇಲಿನವರಿಗೆ ಒಂದು ಕಡಿತ

ಬಯಲಿನವರಿಗೆ ಶಾಖದ ಕಾಟವಾದರೆ ನಮಗೆ ಎತ್ತರದ ಕಾಟ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಎಂಜಿನಿಗೆ ಉಸಿರು ಸಾಲದು. ಕಾರ್ಬ್ಯುರೇಟರ್ ಇರುವ ಪೆಟ್ರೋಲ್ ಎಂಜಿನ್ ಪ್ರತಿ 300 ಮೀಟರ್ ಎತ್ತರಕ್ಕೆ ನೂರಕ್ಕೆ ಮೂರೂವರೆಯಷ್ಟು ಶಕ್ತಿ ಕಳೆದುಕೊಳ್ಳುತ್ತದೆಂಬುದು ತಯಾರಕರು ಒಪ್ಪುವ ಲೆಕ್ಕ. ಗೋಕಾಕ ಸುಮಾರು 550 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹೋಗುವುದು ನೂರಕ್ಕೆ ಆರರಷ್ಟು. ಮಡಿಕೇರಿಯಂತೆ ಸಾವಿರದ ನೂರು ಮೀಟರ್ ದಾಟಿದ ಊರುಗಳಲ್ಲಿ ನೂರಕ್ಕೆ ಹದಿಮೂರು. ಅಂದರೆ 3 ಕೆ.ವಿ.ಎ. ಎಂದು ಬರೆದದ್ದು ನಮ್ಮ ಅಂಗಳದಲ್ಲಿ 2.6 ಆಗುತ್ತದೆ. ಮೇಲೆ ಹೇಳಿದ ಲೆಕ್ಕ ಮಾಡಿದ ಮೇಲೆ ಈ ಕಡಿತವನ್ನೂ ಸೇರಿಸಿಕೊಂಡು ಒಂದು ಮೆಟ್ಟಿಲು ಮೇಲಿನದನ್ನು ನೋಡಬೇಕು.

ಯಾವ ಜಾತಿಯದು?

ಹೊತ್ತೊಯ್ಯುವ ಜನರೇಟರುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಸಾಧಾರಣ ಮಾದರಿಯದು ಭಾರ ಇರಲಿ ಬಿಡಲಿ ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗುತ್ತಲೇ ಇರುತ್ತದೆ. ಸದ್ದು ಹೆಚ್ಚು, ಪೆಟ್ರೋಲು ಹೆಚ್ಚು. ಆದರೆ ಬೆಲೆ ಕಡಿಮೆ, ಊರಿನ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲ, ಹೊರಡುವ ಕ್ಷಣದ ಹೊಡೆತ ತಾಳಿಕೊಳ್ಳುವ ಗುಣವಿದೆ. ಇನ್ವರ್ಟರ್ ಜನರೇಟರ್ ಭಾರಕ್ಕೆ ತಕ್ಕಂತೆ ವೇಗ ಬದಲಿಸುತ್ತದೆ. ಸದ್ದು ಕಡಿಮೆ, ಪೆಟ್ರೋಲು ಉಳಿತಾಯ, ಕರೆಂಟು ಶುದ್ಧ. ಆದರೆ ಬೆಲೆ ಹೆಚ್ಚು. ತನ್ನ ಮಿತಿ ದಾಟಿದ ಹೊಡೆತ ಬಂದರೆ ತಾಳದೆ ಕೂಡಲೇ ಕರೆಂಟು ಕಡಿದುಕೊಳ್ಳುತ್ತದೆ. ಆದ್ದರಿಂದ ಇನ್ವರ್ಟರ್ ಜನರೇಟರಿಗೆ ಇನ್ವರ್ಟರ್ ಎ.ಸಿ. ಅಥವಾ ಸಾಫ್ಟ್ ಸ್ಟಾರ್ಟರ್ ಜೋಡಿಯಾಗಬೇಕು. ಕ್ಯಾರವಾನಿನ ಅತಿಥಿಗಳು ರಾತ್ರಿ ಮಲಗುವವರಾದ್ದರಿಂದ ಅವರಿಗೆ ಸದ್ದಿಲ್ಲದ್ದೇ ಬೇಕು. ಎರಡು ಸಣ್ಣ ಇನ್ವರ್ಟರ್ ಜನರೇಟರುಗಳನ್ನು ಒಂದಕ್ಕೊಂದು ಜೋಡಿಸುವ ಸೌಕರ್ಯವೂ ಕೆಲವದರಲ್ಲಿದೆ. ಹಗಲು ದೀಪ, ಫ್ಯಾನಿಗೆ ಒಂದು, ರಾತ್ರಿ ಎ.ಸಿ.ಗೆ ಎರಡು ಎಂಬ ಅನುಕೂಲ ಇದರಿಂದ ಸಿಗುತ್ತದೆ.

ಎ.ಸಿ.ಗೆಂದು ತಂದ ಜನರೇಟರಿನಲ್ಲೇ ಪಲ್ಪರ್ ಓಡಿಸಬಹುದೇ ಎಂದು ಕೇಳುವವರಿಗೆ ನಮ್ಮ ಸಲಹೆ ಬೇರೆ. ಎಂಜಿನಿನಿಂದ ಕರೆಂಟು ತೆಗೆದು, ಆ ಕರೆಂಟಿನಿಂದ ಮೋಟಾರು ತಿರುಗಿಸಿ, ಮೋಟಾರಿನಿಂದ ಪಲ್ಪರ್ ತಿರುಗಿಸಿದರೆ ಮೆಟ್ಟಿಲು ಮೆಟ್ಟಿಲಿಗೂ ಶಕ್ತಿ ಸೋರುತ್ತದೆ. ಪಲ್ಪರಿಗೆ ಬೆಲ್ಟು ಹಾಕಿ ಎಂಜಿನ್ನನ್ನೇ ನೇರ ಜೋಡಿಸುವುದು ಅಗ್ಗ. ಜನರೇಟರನ್ನು ಕರೆಂಟಿಲ್ಲದೆ ಆಗದ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಬೇಕು.

ಪೆಟ್ರೋಲಿನ ಲೆಕ್ಕ

ಒಂದು ಟನ್ನಿನ ಎ.ಸಿ. ಎಳೆಯುವ 3 ಕೆ.ವಿ.ಎ. ಸಾಧಾರಣ ಜನರೇಟರ್ ಗಂಟೆಗೆ ಒಂದು ಲೀಟರಿನ ಆಸುಪಾಸು ಪೆಟ್ರೋಲು ಕುಡಿಯುತ್ತದೆ. ಇನ್ವರ್ಟರ್ ಮಾದರಿಯದು ಅರ್ಧದಿಂದ ಮುಕ್ಕಾಲು ಲೀಟರ್. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೆ ಎಂಟು ಗಂಟೆಯ ಒಂದು ರಾತ್ರಿಗೆ ಸಾಧಾರಣದ್ದಕ್ಕೆ ಎಂಟುನೂರು, ಇನ್ನೊಂದಕ್ಕೆ ನಾನೂರರಿಂದ ಆರುನೂರು ರೂಪಾಯಿ. ಇದೇ ಕೆಲಸಕ್ಕೆ ಲೈನಿನಲ್ಲಿ ಎಂಟೊಂಬತ್ತು ಯೂನಿಟ್ ಸಾಕು. ಆದ್ದರಿಂದ ಜನರೇಟರಿನ ಎ.ಸಿ. ದಿನನಿತ್ಯದ ಸುಖಕ್ಕಲ್ಲ, ಕಷ್ಟದ ರಾತ್ರಿಗೆ. ಅತಿಥಿಗಳಿಂದ ಬಾಡಿಗೆ ಪಡೆಯುವವರು ಈ ಖರ್ಚನ್ನು ಬೇರೆಯಾಗಿ ಬರೆದಿಡದಿದ್ದರೆ ಲಾಭವೆಂದುಕೊಂಡದ್ದು ಪೆಟ್ರೋಲ್ ಬಂಕಿಗೆ ಹೋಗಿರುತ್ತದೆ.

ಎ.ಸಿ.ಯ ಹಸಿವನ್ನೇ ಕಡಿಮೆ ಮಾಡುವುದು ಎಲ್ಲಕ್ಕಿಂತ ಅಗ್ಗ. ಶೀಟಿನ ಮಾಡಿಗೆ ಬಿಳಿ ಬಣ್ಣ, ಒಳಗೊಂದು ತಟ್ಟಿ, ಪಶ್ಚಿಮದ ಕಿಟಕಿಗೆ ಹೊರಗಿನಿಂದ ತೆರೆ, ಬಾಗಿಲ ಸಂದಿಗೆ ಪಟ್ಟಿ — ಇಷ್ಟರಿಂದಲೇ ಒಂದೂವರೆ ಟನ್ನಿನ ಬದಲು ಒಂದು ಟನ್ನು ಸಾಕಾಗಬಹುದು. ಕ್ಯಾರವಾನ್ ಬಂಡಿಯನ್ನು ಬಿಸಿಲಿನ ಕಣದಲ್ಲಿ ನಿಲ್ಲಿಸುವ ಬದಲು ಸಿಲ್ವರ್ ಮರದ ನೆರಳಿನಲ್ಲಿ ನಿಲ್ಲಿಸಿದರೂ ಎ.ಸಿ.ಗೆ ಅಷ್ಟು ಬಿಡುವು. ಒಣಕೊಂಬೆ ನೋಡಿಕೊಂಡು ನಿಲ್ಲಿಸಬೇಕು, ಅಷ್ಟೇ.

ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿದೆ. ಅದರ ಒಂದು ಪಾಲು ಬರುವುದು ಕಬ್ಬಿನಿಂದಲೇ. ಇದು ಗಾಳಿಯ ತೇವ ಹೀರಿಕೊಳ್ಳುವ ವಸ್ತು. ನಮ್ಮ ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ಬಿಟ್ಟರೆ ಬೇಕಾದ ದಿನ ಎಂಜಿನ್ ಏಳುವುದಿಲ್ಲ. ಕೆಲಸ ಮುಗಿದ ಮೇಲೆ ಟ್ಯಾಂಕು, ಕಾರ್ಬ್ಯುರೇಟರ್ ಎರಡನ್ನೂ ಬರಿದು ಮಾಡಬೇಕು. ತಿಂಗಳಿಗೊಮ್ಮೆ ಹೊಸ ಪೆಟ್ರೋಲು ಹಾಕಿ ಭಾರ ಕೊಟ್ಟು ಕಾಲು ಗಂಟೆ ಓಡಿಸಬೇಕು.

ಹೊಗೆಯೆಂಬ ಕಳ್ಳ

ಈಗ ಪ್ರಾಣದ ಮಾತಿಗೆ ಬರೋಣ. ಪೆಟ್ರೋಲ್ ಎಂಜಿನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ನಿದ್ದೆ, ನಿದ್ದೆಯಲ್ಲೇ ಸಾವು. ಎ.ಸಿ. ಹಾಕಿದ ಕೋಣೆಯೆಂದರೆ ಬಾಗಿಲು ಕಿಟಕಿ ಮುಚ್ಚಿದ ಕೋಣೆ, ಒಳಗೆ ನಿದ್ದೆ ಹೋದವರು. ಕ್ಯಾರವಾನ್ ಬಂಡಿಯಂತೂ ಡಬ್ಬಿಯಷ್ಟು ಚಿಕ್ಕದು. ಆದ್ದರಿಂದ ಇಲ್ಲಿ ಯಾವ ರಾಜಿಯೂ ಸಲ್ಲದು.

ಮಳೆ ಬರುತ್ತದೆಂದು ಜನರೇಟರನ್ನು ಜಗಲಿಯಲ್ಲಿ, ಗ್ಯಾರೇಜಿನಲ್ಲಿ, ಗೋದಾಮಿನಲ್ಲಿ, ಬಂಡಿಯ ಸಾಮಾನು ಅಂಕಣದಲ್ಲಿ ಇಡಕೂಡದು. ಬಾಗಿಲು ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರ, ಹೊಗೆಯ ಕೊಳವೆ ಮನೆಯ ಕಡೆಗಲ್ಲದೆ ಹೊರಮುಖವಾಗಿ, ನಾಲ್ಕೂ ಕಡೆ ತೆರೆದ ಮಾಡಿನ ಕೆಳಗೆ ಇಡಬೇಕು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದನ್ನು ಮಲಗುವ ಮುನ್ನ ಇನ್ನೊಮ್ಮೆ ನೋಡಬೇಕು. ಈ ಅನಿಲ ಕಂಡೊಡನೆ ಕೂಗುವ ಸಣ್ಣ ಎಚ್ಚರಿಕೆ ಪೆಟ್ಟಿಗೆಗಳು ಸಿಗುತ್ತವೆ. ಬಂಡಿಯಲ್ಲಿ ಅತಿಥಿಗಳನ್ನು ಮಲಗಿಸುವವರು ಅದನ್ನು ಕೊಂಡೇ ತೀರಬೇಕು. ಯಾರಿಗಾದರೂ ತಲೆ ಸುತ್ತಿದರೆ ಮೊದಲು ಬಯಲಿಗೆ ಕರೆತಂದು, ಜನರೇಟರ್ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ನೆರೆಯ ಕಾಲದಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭಾ ಉಕ್ಕಿ ಗೋಕಾಕದ ಬೀದಿಗಳಿಗೇ ನೀರು ನುಗ್ಗಿತು. ಲೋಳಸೂರ ಸೇತುವೆ ಮುಳುಗಿತು. ಅದರ ಹಿಂದಿನ ವರ್ಷ, 2018ರ ಆಗಸ್ಟಿನಲ್ಲಿ, ಕೊಡಗು ಕುಸಿದದ್ದನ್ನು ನಾವು ಮರೆತಿಲ್ಲ. ಇಂಥ ಹೊತ್ತಿನಲ್ಲಿ ಲೈನು ಕಡಿದಿರುತ್ತದೆ, ಹೊರಗೆ ಮಳೆ ಹೊಯ್ಯುತ್ತಿರುತ್ತದೆ, ಜನರೇಟರನ್ನು ಒಳಗೆ ಎಳೆದುಕೊಳ್ಳುವ ಆಸೆಯಾಗುತ್ತದೆ. ಮಳೆಗಾಲಕ್ಕೆ ಮೊದಲೇ ಅಂಗಳದ ಎತ್ತರದ ಜಾಗದಲ್ಲಿ ಕಟ್ಟೆ ಕಟ್ಟಿ, ಮೇಲೊಂದು ಶೀಟು ಹೊದಿಸಿಟ್ಟರೆ ಈ ಆಸೆಗೆ ಎಡೆಯಿರುವುದಿಲ್ಲ.

ಹುಕ್ಕೇರಿಯ ಲೈನ್‌ಮನ್ ನಮ್ಮವನೇ

ಹುಕ್ಕೇರಿ ತಾಲೂಕಿಗೆ ಒಂದು ವೈಶಿಷ್ಟ್ಯವಿದೆ. ಅಲ್ಲಿ ಮನೆಮನೆಗೆ, ಪಂಪ್‌ಸೆಟ್ಟಿಗೆ ಕರೆಂಟು ಹಂಚುವುದು ಸಹಕಾರ ಸಂಘ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸಗಟಾಗಿ ವಿದ್ಯುತ್ತು ಕೊಂಡು ತನ್ನ ತಾಲೂಕಿನ ಬಳಕೆದಾರರಿಗೆ ತಾನೇ ಹಂಚುತ್ತದೆ. ದೇಶದಲ್ಲಿ ಆಗ ಪ್ರಯೋಗವೆಂದು ಆರಿಸಿದ ಐದು ಸಂಘಗಳಲ್ಲಿ ಇದೂ ಒಂದು. ಆಂಧ್ರದ ಸಿರಿಸಿಲ್ಲ (ಈಗ ತೆಲಂಗಾಣ), ಗುಜರಾತಿನ ಕೋಡಿನಾರ್, ಮಹಾರಾಷ್ಟ್ರದ ಮುಳಾ ಪ್ರವರಾ, ಉತ್ತರ ಪ್ರದೇಶದ ಲಖನೌ ಉಳಿದವು. ಇವುಗಳಲ್ಲಿ ಎಲ್ಲವೂ ಬಾಳಲಿಲ್ಲ. ಹುಕ್ಕೇರಿಯದು ಅರ್ಧ ಶತಮಾನ ದಾಟಿಯೂ ನಡೆದಿದೆ. ಸಹಕಾರಿಗಳಾದ ನಮಗೆ ಇದು ಅಭಿಮಾನದ ವಿಷಯ.

ಆ ತಾಲೂಕಿನಲ್ಲಿ ಕಂಬ ಹತ್ತುವ ಲೈನ್‌ಮನ್ ಯಾವುದೋ ದೂರದ ಇಲಾಖೆಯವನಲ್ಲ, ಸದಸ್ಯರ ಸಂಘದ ನೌಕರ. ಮನೆಯ ಜನರೇಟರನ್ನು ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚುವ ಕೆಟ್ಟ ರೂಢಿ ಏನು ಮಾಡುತ್ತದೆಂಬುದನ್ನು ಅವನನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಬೇಕು. ಮೇನ್ ಸ್ವಿಚ್ ತೆಗೆಯಲು ಮರೆತರೆ ಜನರೇಟರಿನ ಕರೆಂಟು ಮನೆಯಿಂದ ಹಿಮ್ಮುಖವಾಗಿ ಲೈನಿಗೆ ಹೋಗುತ್ತದೆ. ಊರಿನ ಟಿ.ಸಿ. 11,000 ವೋಲ್ಟನ್ನು ಮನೆಯ ವೋಲ್ಟಿಗೆ ಇಳಿಸುವಂತೆಯೇ, ಹಿಂದಿನಿಂದ ಬಂದದ್ದನ್ನು ಮೇಲಕ್ಕೆ ಏರಿಸುತ್ತದೆ. ಲೈನು ಸತ್ತಿದೆಯೆಂದು ನಂಬಿ ಕಂಬದ ಮೇಲೆ ಕೈಯಿಟ್ಟವನಿಗೆ ತಗಲುವುದು ಸಾವಿರಾರು ವೋಲ್ಟು. ನಮಗೆ ಕರೆಂಟು ತರಲೆಂದು ಮಳೆಯಲ್ಲಿ ಕಂಬ ಹತ್ತಿದವನು ನಮ್ಮ ಮನೆಯ ಕರೆಂಟಿನಿಂದಲೇ ಸಾಯುತ್ತಾನೆ.

ಇದಕ್ಕೆ ಇರುವ ಪರಿಹಾರ ಅಗ್ಗದ್ದು. ಲೈನ್ ಅಥವಾ ಜನರೇಟರ್, ಎರಡರಲ್ಲಿ ಒಂದನ್ನು ಮಾತ್ರ ಜೋಡಿಸಬಲ್ಲ ಚೇಂಜ್ ಓವರ್ ಸ್ವಿಚ್. ಫೇಸು, ನ್ಯೂಟ್ರಲ್ ಎರಡನ್ನೂ ಕಡಿಯುವಂಥದನ್ನೇ ಲೈಸೆನ್ಸಿನ ಎಲೆಕ್ಟ್ರಿಷಿಯನ್‌ನಿಂದ ಹಾಕಿಸಬೇಕು. ಜನರೇಟರಿಗೆ ಅರ್ಥಿಂಗ್ ಮಾಡಿಸಿ, ನ್ಯೂಟ್ರಲನ್ನು ಭೂಮಿಗೆ ಹೇಗೆ ಜೋಡಿಸಬೇಕೆಂಬುದನ್ನು ಅವನಿಂದಲೇ ನೋಡಿಸಬೇಕು. ಆ ಜೋಡಣೆ ಸರಿಯಿಲ್ಲದಿದ್ದರೆ ಷಾಕಿನಿಂದ ಕಾಪಾಡುವ ಬ್ರೇಕರ್ ಇದ್ದೂ ಇಲ್ಲದಂತೆ. ಕ್ಯಾರವಾನಿಗೆ ಮಾತ್ರ ಬಳಸುವುದಿದ್ದರೆ ಮನೆಯ ವೈರಿಂಗಿನ ಸಹವಾಸವೇ ಬೇಡ. ಬಂಡಿಯ ಪ್ಲಗ್ಗಿನಿಂದ ಜನರೇಟರಿಗೆ ನೇರ ವೈರು ಸಾಕು.

ಹುಕ್ಕೇರಿಯಿಂದ ಕಲಿಯಬಹುದಾದ ಇನ್ನೊಂದು ಮಾತೂ ಇದೆ. ಒಬ್ಬೊಬ್ಬರಿಂದ ಆಗದ್ದನ್ನು ಕೂಡಿ ಮಾಡಬಹುದು. ಉದಾಹರಣೆಗೆ ಜನರೇಟರಿಗೆ ಐವತ್ತು ಸಾವಿರ ರೂಪಾಯಿ ಎಂದಿಟ್ಟುಕೊಳ್ಳೋಣ. ಒಂದು ಮನೆಯವರು ವರ್ಷಕ್ಕೆ 60 ಗಂಟೆಯಂತೆ ಹತ್ತು ವರ್ಷ ಓಡಿಸಿದರೆ 600 ಗಂಟೆ. ಪೆಟ್ರೋಲು ಬಿಟ್ಟು ಯಂತ್ರದ ಖರ್ಚೇ ಗಂಟೆಗೆ 83 ರೂಪಾಯಿ. ಇದನ್ನೇ ಐದು ಮನೆಯವರು ಕೂಡಿ ಕೊಂಡರೆ 17 ರೂಪಾಯಿಗೂ ಕೆಳಗೆ. ಕರೆಂಟು ಹೋದ ದಿನ ಐದೂ ಮನೆಗೆ ಒಟ್ಟಿಗೇ ಬೇಕಾಗುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಸರದಿಯ ಒಪ್ಪಂದ ಮೊದಲೇ ಆಗಿರಬೇಕು. ಕಾಯಿಲೆಯವರಿರುವ ಮನೆಗೆ ಮೊದಲು, ಆಮೇಲೆ ಔಷಧಿ, ಹಾಲಿನ ಫ್ರಿಜ್ಜು, ಅತಿಥಿಗಳ ಎ.ಸಿ. ಕೊನೆಗೆ. ಗಂಟೆಯ ಲೆಕ್ಕ, ಆಯಿಲ್ ಬದಲಿಸಿದ ದಿನ, ಪೆಟ್ರೋಲು ಹಾಕಿದವರ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಇರಬೇಕು. ನೋಟ್‌ಬುಕ್ ಇಲ್ಲದ ಪಾಲುಗಾರಿಕೆ ಜಗಳಕ್ಕೆ ದಾರಿ.

ಕೊಳ್ಳುವ ದಿನ

ಅಂಗಡಿಗೆ ಹೋಗುವವರು ಈ ಪಟ್ಟಿಯನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಬಹುದು.

1. ಎ.ಸಿ., ಫ್ರಿಜ್ಜು, ಪಂಪು ಇವುಗಳ ಓಡುವ ಆಂಪಿಯರ್, ಹೊರಡುವ ಆಂಪಿಯರ್ ಎರಡನ್ನೂ ಬರೆದುಕೊಂಡು ಹೋಗಿ.

2. ಜನರೇಟರಿನ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಗರಿಷ್ಠ ಶಕ್ತಿಯೋ, ಸತತವಾಗಿ ಕೊಡುವ ಶಕ್ತಿಯೋ ಕೇಳಿ. ಲೆಕ್ಕಕ್ಕೆ ಬರುವುದು ಎರಡನೆಯದು.

3. ಕೆ.ವಿ.ಎ. ಬೇರೆ, ಕಿಲೋವ್ಯಾಟ್ ಬೇರೆ. ಎರಡೂ ಎಷ್ಟೆಂದು ಬರೆಸಿಕೊಳ್ಳಿ.

4. ನಿಮ್ಮ ಊರಿನ ಎತ್ತರ ಹೇಳಿ, ಅಲ್ಲಿಗೆ ಕಾರ್ಬ್ಯುರೇಟರಿನ ಹೊಂದಿಕೆ ಬೇಕೇ ಎಂದು ವಿಚಾರಿಸಿ.

5. ಜನರೇಟರುಗಳ ಹೊಗೆಗೆ 2023ರ ಜುಲೈ 1ರಿಂದ ಬಿಗಿಯಾದ ಹೊಸ ಮಿತಿಗಳು ಜಾರಿಗೆ ಬಂದಿವೆ. ಈ ಮಾದರಿಗೆ ಒಪ್ಪಿಗೆ ಇದೆಯೇ ಎಂದು ಕಾಗದ ಕೇಳಿ ನೋಡಿ.

6. ಸಾಧ್ಯವಾದರೆ ಮಧ್ಯಾಹ್ನದ ಬಿಸಿಲಿನಲ್ಲಿ ನಿಮ್ಮದೇ ಎ.ಸಿ.ಗೆ, ನಿಮ್ಮದೇ ವೈರಿನಲ್ಲಿ ಜೋಡಿಸಿ ತೋರಿಸಲು ಹೇಳಿ. ಒಂದು ಸಲ ಎದ್ದರೆ ಸಾಲದು. ಮೂರು ಮೂರು ನಿಮಿಷ ಬಿಟ್ಟು ಐದು ಸಲ ಏಳಬೇಕು.

7. ಹತ್ತಿರದ ಪೇಟೆಯಲ್ಲಿ ಬಿಡಿಭಾಗ ಸಿಗುತ್ತದೆಯೇ, ರಿಪೇರಿ ಮಾಡುವವರು ಯಾರು ಎಂದು ಕೇಳದೆ ಹಣ ಕೊಡಬೇಡಿ.

8. ಚೇಂಜ್ ಓವರ್ ಸ್ವಿಚ್, ತಕ್ಕ ದಪ್ಪದ ವೈರು, ಅರ್ಥಿಂಗ್ ಇವುಗಳ ಖರ್ಚನ್ನು ಜನರೇಟರಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಮನೆಗೆ ತಂದ ಮೇಲೆ ರೂಢಿಸಿಕೊಳ್ಳಬೇಕಾದ ಕ್ರಮ ಸರಳ. ಮೊದಲು ಜನರೇಟರ್ ಚಾಲೂ ಮಾಡಿ ಎರಡು ಮೂರು ನಿಮಿಷ ಬರಿದೇ ಓಡಲಿ. ಆಮೇಲೆ ಎಲ್ಲಕ್ಕಿಂತ ಮೊಂಡಾದ ಕಂಪ್ರೆಸರನ್ನು ಒಂಟಿಯಾಗಿ ಎಬ್ಬಿಸಿ. ಅದು ಸಮಸ್ಥಿತಿಗೆ ಬಂದ ಮೇಲೆ ಫ್ರಿಜ್ಜು, ಕೊನೆಗೆ ಫ್ಯಾನು, ದೀಪ. ನಿಲ್ಲಿಸುವಾಗ ಇದೇ ಕ್ರಮ ತಿರುಗುಮುರುಗು. ಎ.ಸಿ. ನಿಂತ ಮೇಲೆ ಮೂರು ನಿಮಿಷದೊಳಗೆ ಮತ್ತೆ ಒತ್ತಬಾರದು. ಎಂಜಿನ್ ಬಿಸಿಯಿರುವಾಗ ಪೆಟ್ರೋಲು ಸುರಿಯಬಾರದು. ಹೊಸ ಎಂಜಿನಿನ ಆಯಿಲನ್ನು ಮೊದಲ ಇಪ್ಪತ್ತು ಗಂಟೆಗೆ ಒಮ್ಮೆ, ಆಮೇಲೆ ಸಾಮಾನ್ಯವಾಗಿ ನೂರು ಗಂಟೆಗೊಮ್ಮೆ ಬದಲಿಸಬೇಕು. ಕಂಪನಿಯ ಪುಸ್ತಕ ಬೇರೆ ಹೇಳಿದರೆ ಅದನ್ನೇ ಪಾಲಿಸಬೇಕು.

ನೆರೆಹೊರೆಯ ನಾಲ್ಕೈದು ಸದಸ್ಯರು ಕೂಡಿ ಒಂದು ಜನರೇಟರ್ ಕೊಳ್ಳಲು ಮನಸ್ಸು ಮಾಡಿದರೆ, ಮೇಲಿನ ಪಟ್ಟಿಯ ಮೊದಲ ಅಂಕಿಗಳನ್ನು ಬರೆದುಕೊಂಡು ಮಳೆಗಾಲ ಹಿಡಿಯುವ ಮೊದಲೇ ಒಮ್ಮೆ ಕುಳಿತು ಮಾತಾಡಿಕೊಳ್ಳಲಿ ಎಂದು ನಾವು ಸೂಚಿಸುತ್ತೇವೆ. ಸರದಿಯ ಒಪ್ಪಂದ ಅಂದೇ ಬರವಣಿಗೆಯಲ್ಲಿ ಆಗಲಿ. ಚೇಂಜ್ ಓವರ್ ಸ್ವಿಚ್ಚು ಮಾತ್ರ ಪಾಲಿನದಲ್ಲ. ಅದು ಮನೆಗೊಂದು ಇರಲೇಬೇಕು.